ಬಾಲ ಎತ್ತಿದ ಹಕ್ಕಿ ಯಾರದು?

ನಲ್ಲಿಯ ವಾಷರ್ ತರಲು ಹೋದ ದೊಡ್ಡಕ್ಕ ವಾಷರನ್ನೇ ಮರೆತು ಮನೆಗೆ ಬಂದಳು. ಮರೆಯದೆ ಏನು ಮಾಡುತ್ತಾಳೆ ಹೇಳಿ. ಬಚ್ಚಲುಮನೆ ಸಾಮಾನಿನ ಅಂಗಡಿಯಲ್ಲಿ, ಗಾಜಿನ ಹಿಂದೆ, ಹೊಸ ಬೇಸಿನ್ನಿನ ಪಕ್ಕಕ್ಕೆ ಆರು ಟೈಲ್ಸ್ ನಿಲ್ಲಿಸಿದ್ದರು. ಆರರ ಮೇಲೂ ನೀಲಿ ಹಕ್ಕಿ. ಕುತ್ತಿಗೆ ಮುಂದಕ್ಕೆ, ಬಾಲ ನೆಟ್ಟಗೆ ಮೇಲಕ್ಕೆ. ಕೆಳಗೊಂದು ಚೀಟಿ: ‘ಚಿಕ್ಕಕ್ಕ ಟೈಲ್ಸ್. ಕೈಯಲ್ಲಿ ಬರೆದದ್ದು.’

ಅವಳ ಹಕ್ಕಿ ಅದು. ಆರು ವರ್ಷದಿಂದ ಊರಿನ ಅಡುಗೆಮನೆ, ಬಚ್ಚಲುಮನೆಗಳ ಗೋಡೆಯ ಮೇಲೆ ಅವಳು ಕೂರಿಸಿದ ಹಕ್ಕಿ. ಅಂಗಡಿಯವನು ಒಳಗಿನಿಂದ ನಕ್ಕು, “ನಿಮ್ಮ ವಾರಗಿತ್ತಿ ಕೈ ಚೆನ್ನಾಗಿದೆ ಕಣಮ್ಮ, ಇಟ್ಟ ದಿನವೇ ಮೂರು ಜನ ಕೇಳಿದ್ರು,” ಅಂದ. ದೊಡ್ಡಕ್ಕನೂ ನಕ್ಕಳು. ಆ ನಗು ನಗಲು ಅವಳಿಗೆ ಎಷ್ಟು ಕಷ್ಟವಾಯಿತೆಂದು ಅವಳ ದವಡೆಗೇ ಗೊತ್ತು.

ದೊಡ್ಡಕ್ಕ, ಚಿಕ್ಕಕ್ಕ ಒಡಹುಟ್ಟಿದವರಲ್ಲ. ಅಣ್ಣನ ಹೆಂಡತಿ ದೊಡ್ಡಕ್ಕ, ತಮ್ಮನ ಹೆಂಡತಿ ಚಿಕ್ಕಕ್ಕ. ಬೀದಿಯ ಮಕ್ಕಳು ಹಾಗೆ ಕರೆಯುತ್ತ ಕರೆಯುತ್ತ ಅದೇ ಹೆಸರಾಯಿತು. ಚಿಕ್ಕಕ್ಕ ಮದುವೆಯಾಗಿ ಬರುವ ಹೊತ್ತಿಗೆ ದೊಡ್ಡಕ್ಕ ಹಿಂಬದಿಯ ಕೋಣೆಯಲ್ಲಿ ಕರೆಂಟಿನ ಭಟ್ಟಿ ಇಟ್ಟುಕೊಂಡು ಟೈಲ್ಸ್ ಮೇಲೆ ಎಲೆ, ಬಳ್ಳಿ, ಮೀನು ಬರೆದು ಸುಟ್ಟು ಮಾರುತ್ತಿದ್ದಳು. ಹೊಸ ಹುಡುಗಿ ಬಂದು ಬಾಗಿಲಲ್ಲಿ ನಿಂತು, “ನಾನೂ ಏನಾದ್ರೂ ಮಾಡ್ಲಾ ಅಕ್ಕ?” ಅಂದಿದ್ದಳು. ಕುಂಚ ತೊಳೆಯುವುದರಿಂದ ಶುರುವಾಗಿ, ಭಟ್ಟಿಯಿಂದ ಬಂದ ಟೈಲ್ಸನ್ನು ಪರೀಕ್ಷಿಸಿ ಒಳ್ಳೆಯದನ್ನೂ ಕೆಟ್ಟದ್ದನ್ನೂ ಬೇರೆ ಮಾಡುವವರೆಗೆ ಹತ್ತು ವರ್ಷ ಕಳೆಯಿತು. ಸಂಬಳವಿಲ್ಲ, ಕಾಗದವಿಲ್ಲ. ಮನೆಯವರ ನಡುವೆ ಅದೆಲ್ಲ ಯಾಕೆ ಅಂತ ಯಾರಿಗೂ ಅನ್ನಿಸಲೇ ಇಲ್ಲ.

ಹೋದ ವರ್ಷ ಒಂದು ಬೆಳಿಗ್ಗೆ ಚಿಕ್ಕಕ್ಕ ಬಂದು, ಎರಡು ಬೀದಿ ಆಚೆ ಒಂದು ಗ್ಯಾರೇಜು ಬಾಡಿಗೆಗೆ ಸಿಕ್ಕಿದೆ, ತಾನೇ ಬರೆಯಬೇಕೆಂದಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ ಅಂದಳು. “ಬೇಜಾರೇನೇ, ಒಳ್ಳೇದಾಗ್ಲಿ,” ಅಂದಳು ದೊಡ್ಡಕ್ಕ. ಆ ಕ್ಷಣದಿಂದ ಅವಳ ಹೊಟ್ಟೆಯೊಳಗೆ ಒಂದು ಭಟ್ಟಿ ಹತ್ತಿಕೊಂಡಿತು, ಮತ್ತೆ ಆರಲಿಲ್ಲ.

ಯಾವುದಕ್ಕೆಲ್ಲ ಅಸೂಯೆ ಅಂತೀರಿ. ಚಿಕ್ಕಕ್ಕನ ಬಾಗಿಲಿಗೆ ಬೋರ್ಡು ಇತ್ತು, ದೊಡ್ಡಕ್ಕನಿಗೆ ಇರಲಿಲ್ಲ. ಚಿಕ್ಕಕ್ಕ ಅಂಗಡಿಯ ಹೆಸರನ್ನು ನೋಂದಾಯಿಸಿದ್ದಳು, ಆ ಕಾಗದಕ್ಕೆ ಚೌಕಟ್ಟು ಹಾಕಿಸಿದ್ದಳು. ಅವಳು ಕೂರುವ ಕುರ್ಚಿಗೆ ಚಕ್ರವಿತ್ತು. ಈ ಚಕ್ರದ ವರದಿ ತಂದವರು ಅತ್ತೆ.

“ಕಾಲಲ್ಲಿ ಒಂದು ಸಲ ಒತ್ತಿದ್ರೆ ಮೇಜಿಂದ ಭಟ್ಟಿವರೆಗೂ ಹೋಗುತ್ತೆ ಕಣೆ. ನಾನೂ ಕೂತೆ,” ಅಂದರು ಅತ್ತೆ.

“ಬೀಳ್ಲಿಲ್ವಾ?” ಅಂದಳು ದೊಡ್ಡಕ್ಕ.

“ಯಾಕೆ ಬೀಳ್ತೀನಿ? ಗಟ್ಟಿ ಇದೆ.”

ದೊಡ್ಡಕ್ಕನಿಗೆ ಆ ಗಟ್ಟಿತನವೂ ಇಷ್ಟವಾಗಲಿಲ್ಲ. ತಾನು ಇಷ್ಟು ವರ್ಷ ಮೂರು ಕಾಲಿನ ಸ್ಟೂಲಿನ ಮೇಲೆ ಕೂತು ಸೊಂಟ ಹಾಳು ಮಾಡಿಕೊಂಡಾಗ ಒಂದು ದಿನ ವಿಚಾರಿಸದ ಅತ್ತೆ, ಈಗ ಸಂಜೆಯಾದರೆ ಟೀ ಕುಡಿಯಲು ಗ್ಯಾರೇಜಿಗೆ ಹೋಗುತ್ತಿದ್ದರು.

ಇದೆಲ್ಲ ಹೇಗೋ ನುಂಗಿಕೊಂಡು ಹೋಗುತ್ತಿತ್ತು. ಅಷ್ಟರಲ್ಲಿ ಈಜುಕೊಳದ ಗೋಡೆ ಬಂತು. ಊರಿನ ಸಾರ್ವಜನಿಕ ಈಜುಕೊಳ ರಿಪೇರಿಯಾಗುತ್ತಿತ್ತು. ಅದರ ಉದ್ದನೆಯ ಗೋಡೆಗೆ ಸಾವಿರದ ಇನ್ನೂರು ಟೈಲ್ಸ್, ಕೈಯಲ್ಲಿ ಬರೆದದ್ದೇ ಬೇಕೆಂದು ಟೆಂಡರ್ ಕರೆದಿದ್ದರು. ದೊಡ್ಡಕ್ಕ ತನ್ನ ಮಾದರಿ ತೆಗೆದುಕೊಂಡು ಹೋದಳು. ಮೇಜಿನ ಮೇಲೆ ಆಗಲೇ ಇನ್ನೊಂದು ಮಾದರಿ ಇತ್ತು. ಅದೇ ಹಕ್ಕಿ, ಅದೇ ಬಾಲ. ಎಂಜಿನಿಯರ್ ಎರಡನ್ನೂ ಪಕ್ಕಪಕ್ಕ ಇಟ್ಟು ಕನ್ನಡಕ ಮೇಲೆ ಮಾಡಿದರು.

“ಹಕ್ಕಿ ನಮಗೆ ಒಪ್ಪಿಗೆ. ಆದ್ರೆ ಎರಡು ಮನೆಯಿಂದ ಒಂದೇ ಹಕ್ಕಿ ಬಂದಿದೆ. ನಾಳೆ ಯಾರಾದ್ರೂ ಕೋರ್ಟಿಗೆ ಹೋದ್ರೆ ಗೋಡೆ ಒಡೆಸೋಕೆ ನಾನು ತಯಾರಿಲ್ಲ. ಮೊದಲು ಬರ್ದವರು ಯಾರು ಅಂತ ಸಾಕ್ಷಿ ಸಮೇತ ಬರ್ದುಕೊಡಿ. ಹದಿನೈದು ದಿನ ಟೈಮು. ಹಕ್ಕಿ ಯಾರದೋ ಗೋಡೆ ಅವರದು,” ಅಂದರು. ಆಮೇಲೆ ಸುಮ್ಮನಿರಲಾರದೆ, “ಬಾಲ ಯಾಕಮ್ಮ ಹೀಗೆ ಎತ್ತಿದೆ?” ಅಂತಲೂ ಕೇಳಿದರು.

“ಹಾರೋಕೆ ಸ್ವಲ್ಪ ಮುಂಚಿನ ಕ್ಷಣ ಅದು,” ಅಂದಳು ದೊಡ್ಡಕ್ಕ ಗಂಭೀರವಾಗಿ. ಆ ಉತ್ತರ ಅವಳಿಗೇ ಬಹಳ ಹಿಡಿಸಿತು.

“ಅವರನ್ನೂ ಕೇಳ್ದೆ. ಸುಮ್ನೆ ನಕ್ಕರು,” ಅಂದರು ಎಂಜಿನಿಯರ್.

ನಗುತ್ತಾಳೆ, ಯಾಕೆ ನಗುವುದಿಲ್ಲ, ಕದ್ದವಳಿಗೆ ಉತ್ತರ ಎಲ್ಲಿಂದ ಬರಬೇಕು ಎಂದುಕೊಂಡಳು ದೊಡ್ಡಕ್ಕ. ಮನೆಗೆ ಬರುವ ದಾರಿಯುದ್ದಕ್ಕೂ ಅದನ್ನೇ ಮೆಲುಕು ಹಾಕಿದಳು. ಗೋಡೆ ಹೋದರೆ ಹೋಗಲಿ. ಚಿಕ್ಕಕ್ಕನ ಹೆಸರು ಆ ಗೋಡೆಯ ಮೂಲೆಯಲ್ಲಿ ಕೂತು, ಈಜಲು ಬಂದ ಊರೆಲ್ಲ ಅದನ್ನು ಓದುತ್ತದಲ್ಲ, ಅದನ್ನು ನೆನೆಸಿಕೊಂಡರೆ ಅವಳಿಗೆ ಅನ್ನ ಇಳಿಯುತ್ತಿರಲಿಲ್ಲ.

ಗ್ರಂಥಾಲಯದ ಮಹಡಿಯಲ್ಲಿ ಗುರುವಾರ ಮಧ್ಯಾಹ್ನ ಕಲಾವಿದರಿಗಾಗಿ ಒಂದು ತರಗತಿ ನಡೆಯುತ್ತಿತ್ತು. ಸ್ವಂತ ಕಸುಬು ಶುರು ಮಾಡುವವರಿಗೆ ಕಾನೂನು, ವ್ಯವಹಾರ ಹೇಳಿಕೊಡುತ್ತಾರೆ, ಪುಕ್ಕಟೆ. ದೊಡ್ಡಕ್ಕ ಕಸುಬು ಶುರು ಮಾಡಿ ಯಾವ ಕಾಲವಾಯಿತು, ಆದರೂ ಹೋದಳು. ಬಂದವರಲ್ಲಿ ಗೊಂಬೆ ಮಾಡುವವನೊಬ್ಬ, ಮದುವೆ ಫೋಟೋ ತೆಗೆಯುವವಳೊಬ್ಬಳು, ಗೋಡೆಗೆ ಚಿತ್ರ ಬರೆಯುವ ಇಬ್ಬರು ಇದ್ದರು. ಅವರೆಲ್ಲ ಕಲಿಯಲು ಬಂದಿದ್ದರು. ದೊಡ್ಡಕ್ಕ ಒಬ್ಬಳನ್ನು ಹಿಡಿದುಹಾಕಲು ಬಂದಿದ್ದಳು. ಹಾಜರಿ ಪುಸ್ತಕಕ್ಕೆ ಸಹಿ ಹಾಕುವಾಗ ಪುಟ ಹಿಂದಕ್ಕೆ ತಿರುವಿದರೆ, ಹೋದ ವರ್ಷದ ತಂಡದಲ್ಲಿ ಚಿಕ್ಕಕ್ಕನ ಮುದ್ದಾದ ಸಹಿ ಎಂಟೂ ವಾರ ಸಾಲಾಗಿ ಕೂತಿತ್ತು. ಒಂದು ದಿನವೂ ತಪ್ಪಿಸಿಲ್ಲ ಮಹಾರಾಯ್ತಿ.

ಪಾಠ ಮಾಡಿದ ವಕೀಲಮ್ಮನಿಗೆ ನೆಗಡಿಯಾಗಿತ್ತು. ಮೂಗು ಒರೆಸಿಕೊಳ್ಳುತ್ತಲೇ ಹೇಳಿದರು: ಅಂಗಡಿಗೊಂದು ಹೆಸರಿಡಿ, ಆ ಹೆಸರು ಬೇರೆಯವರದಲ್ಲವೆಂದು ಮೊದಲು ನೋಡಿಕೊಳ್ಳಿ. ಚಿತ್ರ ಮಾರುವುದು ಬೇರೆ, ಚಿತ್ರವನ್ನು ಮತ್ತೆ ಮತ್ತೆ ಅಚ್ಚು ಹಾಕಲು ಅನುಮತಿ ಕೊಡುವುದು ಬೇರೆ, ಎರಡನ್ನೂ ಒಂದೇ ಉಸಿರಿನಲ್ಲಿ ಕೊಟ್ಟುಬಿಡಬೇಡಿ. ಜೊತೆಗೆ ಕೆಲಸ ಮಾಡುವವರು ಅಣ್ಣನಾಗಲಿ, ಗೆಳೆಯನಾಗಲಿ, ಯಾರ ಪಾಲು ಏನೆಂದು ಚೆನ್ನಾಗಿರುವಾಗಲೇ ಬರೆದಿಡಿ. ಮುಖ ಕೆಟ್ಟ ಮೇಲೆ ಬರೆಯಲು ಕೂತರೆ ಪೆನ್ನು ಓಡುವುದಿಲ್ಲ.

ದೊಡ್ಡಕ್ಕನ ಕಿವಿಗೆ ಇದ್ಯಾವುದೂ ಬೀಳಲಿಲ್ಲ. ಕೊನೆಗೆ ಕೈ ಎತ್ತಿದಳು. “ನನ್ನ ಹತ್ರ ಕಲಿತವಳು ನನ್ನ ಹಕ್ಕಿನೇ ಬರ್ದು ಮಾರ್ತಿದಾಳೆ. ಏನು ಮಾಡ್ಬಹುದು?”

“ಹಕ್ಕಿ ಅನ್ನೋದು ಯಾರ ಆಸ್ತಿನೂ ಅಲ್ಲಮ್ಮ. ಬರೆಯೋ ಶೈಲಿನೂ ಯಾರದೂ ಅಲ್ಲ. ಆದ್ರೆ ನೀವು ಬರೆದ ಆ ಒಂದು ಚಿತ್ರ, ಅದು ನಿಮ್ಮದು. ಅದನ್ನೇ ಹಾಗೇ ನಕಲು ಮಾಡಿದ್ರೆ ಕೇಳ್ಬಹುದು. ಮೊದಲು ಬರ್ದಿದ್ದು ನೀವೇ ಅಂತ ತೋರಿಸ್ಬೇಕು ಅಷ್ಟೆ. ಕರಡು ಇದೆಯಾ? ತಾರೀಖು ಹಾಕಿದ್ದು?”

“ನಾನು ಕರಡು ಬರೆಯಲ್ಲ. ನೇರ ಟೈಲ್ಸ್ ಮೇಲೇ.”

“ಅವರು ನಿಮ್ಮ ಹತ್ರ ಸಂಬಳಕ್ಕಿದ್ರಾ?”

“ಸಂಬಳ ಯಾಕೆ, ಮನೆಯವಳು.”

ವಕೀಲಮ್ಮ ಮೂಗು ಒರೆಸಿಕೊಂಡು, “ಹಾಗಾದ್ರೆ ಅಲ್ಲಿ ಅವರು ಬರ್ದಿದ್ದು ಅವರದೇ ಆಗುತ್ತೆ, ನೆನಪಿರ್ಲಿ,” ಅಂದರು.

“ಅವಳೇನೂ ಬರ್ದೇ ಇಲ್ಲ,” ಅಂದಳು ದೊಡ್ಡಕ್ಕ. “ಟೈಲ್ಸ್ ನೋಡಿ ಬೇರೆ ಮಾಡ್ತಿದ್ಲು, ಅಷ್ಟೇ.”

ಮನೆಯಲ್ಲಿ ನಾಲ್ಕು ದಿನ ಹುಡುಕಿದಳು. ತಾರೀಖಿರುವ ಒಂದು ಚೂರೂ ಸಿಗಲಿಲ್ಲ. ಒಳ್ಳೆಯ ಟೈಲ್ಸೆಲ್ಲ ಗಿರಾಕಿಗಳ ಗೋಡೆಗೆ ಅಂಟಿಕೊಂಡಿದ್ದವು, ಅವುಗಳ ಬೆನ್ನು ಸಿಮೆಂಟಿನೊಳಗಿತ್ತು. ಅವಳ ಪರದಾಟ ನೋಡಿ ಗಂಡನೇ ಅಂದ, “ಹಿತ್ತಲಲ್ಲಿ ಕೆಟ್ಟ ಟೈಲ್ಸ್ ರಾಶಿ ಇದೆಯಲ್ಲೇ. ಅದರ ಹಿಂದೆ ಅವಳು ತಾರೀಖು ಬರೀತಿದ್ಲಲ್ಲ.”

ದೊಡ್ಡಕ್ಕ ಗಂಡನನ್ನು ಮದುವೆಯಾದ ಮೇಲೆ ಮೊದಲ ಬಾರಿಗೆ ನೋಡಿದವಳ ಹಾಗೆ ನೋಡಿದಳು. ಹೌದಲ್ಲ. ಭಟ್ಟಿಯಿಂದ ತೆಗೆದಾಗ ಬಿರುಕು ಬಿಟ್ಟದ್ದು, ಬಣ್ಣ ಹರಿದದ್ದು, ಮೂಲೆ ಮುರಿದದ್ದು, ಇವೆಲ್ಲ ಚಿಕ್ಕಕ್ಕನ ಕೈಗೆ ಹೋಗುತ್ತಿದ್ದವು. ಅವಳು ಹಿಂಬದಿಯ ಒರಟು ಮಣ್ಣಿನ ಮೇಲೆ ಕಪ್ಪು ಮಾರ್ಕರಿನಲ್ಲಿ ತಾರೀಖು, ತಪ್ಪು ಏನು ಎಂದು ಬರೆದು ಹಿತ್ತಲಲ್ಲಿ ಜೋಡಿಸುತ್ತಿದ್ದಳು. ಒಂದಲ್ಲ ಒಂದು ದಿನ ಹಿತ್ತಲಿಗೆ ಹಾಸೋಣವೆಂದು ಯಾರೂ ಎಸೆದಿರಲಿಲ್ಲ.

ದೊಡ್ಡಕ್ಕ ಸೆರಗು ಬಿಗಿದು ರಾಶಿಯ ಮುಂದೆ ಕೂತಳು. ಹಕ್ಕಿ ಇರುವ ಟೈಲ್ಸ್ ಒಂದೊಂದೇ ತೆಗೆದು ಬೆನ್ನು ನೋಡುತ್ತ ಹೋದಳು. ಎಲ್ಲಕ್ಕಿಂತ ಹಳೆಯದು ಸಿಕ್ಕಿತು, ಆರು ವರ್ಷದ ಹಿಂದಿನದು. ಬೆನ್ನಲ್ಲಿ ತಾರೀಖು, ತಪ್ಪು ಅಷ್ಟೇ, ಅದೂ ಚಿಕ್ಕಕ್ಕನ ಕೈಬರಹದಲ್ಲೇ ಇತ್ತು. ಸಾಕ್ಷಿ ಅಂದರೆ ಇದು. ಕಳ್ಳಿಯ ಕೈಯಿಂದಲೇ ಬರೆಸಿಟ್ಟ ಹಾಗೆ ಆಯಿತಲ್ಲ ಎಂದು ಅವಳಿಗೆ ಕುಣಿಯಬೇಕೆನಿಸಿತು. ಅಲ್ಲಿಗೇ ಎದ್ದಿದ್ದರೆ ಕತೆ ಮುಗಿಯುತ್ತಿತ್ತು. ಆದರೆ ಖುಷಿಯಲ್ಲಿ ಕೈ ಸುಮ್ಮನಿರದೆ ಅದರ ಕೆಳಗಿನದನ್ನೂ ತೆಗೆದಳು.

ಅದರ ಮುಖದ ಮೇಲೆ ಹಕ್ಕಿ ಇರಲಿಲ್ಲ, ಹಳೆಯ ಎಲೆಯ ಚಿತ್ರ. ತಿರುಗಿಸಿದಳು. ಒಂಬತ್ತು ವರ್ಷದ ಹಿಂದಿನ ತಾರೀಖು. ತಾರೀಖಿನ ಪಕ್ಕದಲ್ಲಿ, ಹೆಬ್ಬೆರಳಿನಷ್ಟು ಚಿಕ್ಕ ಹಕ್ಕಿ. ಕುತ್ತಿಗೆ ಮುಂದಕ್ಕೆ, ಬಾಲ ನೆಟ್ಟಗೆ ಮೇಲಕ್ಕೆ. ಟೈಲ್ಸಿನ ಮೇಲಂಚು ಬಿರುಕು ಬಿಟ್ಟಿತ್ತು.

ಅದರ ಕೆಳಗಿನದನ್ನು ತೆಗೆದಳು. ಅಲ್ಲೂ ಹಕ್ಕಿ, ಬಾಲ ಬಲಕ್ಕೆ. ಬಲ ಮೂಲೆ ಮುರಿದಿತ್ತು. ಇನ್ನೊಂದರಲ್ಲಿ ಬಾಲ ಕೆಳಕ್ಕೆ, ಕೆಳಗೆ ಬಣ್ಣ ಹರಿದಿತ್ತು. ತಪ್ಪು ಎಲ್ಲಿದೆಯೋ ಅಲ್ಲಿಗೆ ಬಾಲ ತೋರಿಸುತ್ತಿತ್ತು. ಬಾಲ ಮೇಲೆತ್ತಿದ್ದು ಹಾರುವುದಕ್ಕಲ್ಲ, ಮೇಲಂಚಿನ ಬಿರುಕಿಗೆ.

ಆಗ ಎಲ್ಲ ನೆನಪಾಯಿತು. ಅವಳ ನೆನಪು ಬೇಕಾದದ್ದನ್ನು ಇಟ್ಟುಕೊಂಡು ಬೇಡದ್ದನ್ನು ಗುಡಿಸಿ ಮೂಲೆಗೆ ಹಾಕಿತ್ತು ಅಷ್ಟೆ. ಅಗ್ಗಕ್ಕೆ ಕೆಟ್ಟ ಟೈಲ್ಸ್ ಕೊಳ್ಳಲು ಬಂದ ಒಬ್ಬ ಗಿರಾಕಿ ಹೆಂಗಸು, ಬೆನ್ನು ತಿರುಗಿಸಿ ನೋಡಿ, “ಮುಂದಿಂದಕ್ಕಿಂತ ಹಿಂದಿಂದೇ ಚೆನ್ನಾಗಿದೆ, ಇದನ್ನೇ ದೊಡ್ಡದಾಗಿ ಬರ್ದುಕೊಡಿ,” ಅಂದಿದ್ದಳು. ದೊಡ್ಡಕ್ಕ ಬರೆದುಕೊಟ್ಟಿದ್ದಳು. ಅಂದಿನಿಂದ ಚಿಕ್ಕಕ್ಕ ಬೆನ್ನಿನ ಮೇಲೆ ಹಕ್ಕಿ ಬರೆಯುವುದನ್ನು ಬಿಟ್ಟಿದ್ದಳು. ನೀಲಿ ಬಣ್ಣ ಅವಳದು, ಕುಂಚದ ಓಟ ಅವಳದು. ಹಕ್ಕಿ ಮಾತ್ರ ಅವಳದಲ್ಲ.

ಈಗ ನೋಡಿ, ಅವಳಿಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಸಿಟ್ಟು ಬಂತು. ಬೋರ್ಡು ಅವಳಿಗೆ, ಕುರ್ಚಿ ಅವಳಿಗೆ, ಅತ್ತೆ ಅವಳಿಗೆ, ಈಗ ಹಕ್ಕಿಯೂ ಅವಳಿಗೇನಾ? ಈ ರಾಶಿ ಬಿಟ್ಟರೆ ಚಿಕ್ಕಕ್ಕನಿಗೆ ಜಗತ್ತಿನಲ್ಲಿ ಬೇರೆ ಸಾಕ್ಷಿ ಇಲ್ಲ. ರಾಶಿ ಇರುವುದು ತನ್ನ ಹಿತ್ತಲಲ್ಲಿ. ದೊಡ್ಡಕ್ಕ ಒಳಗೆ ಹೋಗಿ ಸುತ್ತಿಗೆ ತಂದಳು. ಮೇಲಂಚಿನ ಬಿರುಕಿನದನ್ನು ನೆಲಕ್ಕಿಟ್ಟು ಒಂದೇ ಏಟಿಗೆ ಪುಡಿ ಮಾಡಿದಳು. ಇನ್ನೊಂದನ್ನೂ ಮಾಡಿದಳು.

“ಏನೇ ಅದು ಸದ್ದು?” ಅಂದ ಗಂಡ ಒಳಗಿನಿಂದ.

“ಕೈ ಜಾರಿ ಬಿತ್ತು.”

“ಎರಡು ಸಲ?”

“ಎರಡು ಕೈ ಇದೆಯಲ್ಲ ನಂಗೆ.”

ಮೂರನೆಯದನ್ನು ಎತ್ತಿಕೊಂಡಳು. ಮುಖದ ಮೇಲೆ ಅವಳದೇ ಬಳ್ಳಿ. ಬಳ್ಳಿಯ ಮಧ್ಯೆ ನೀಲಿ ಬಣ್ಣ ಉದ್ದಕ್ಕೆ ಒರೆಸಿ ಹೋಗಿತ್ತು. ಯಾರು ನೋಡಿದರೂ ಗೊತ್ತಾಗುತ್ತಿತ್ತು, ಬರೆದವಳ ಕೈ ತಾಗಿ ಕೆಟ್ಟದ್ದು ಅದು. ಬೆನ್ನು ತಿರುಗಿಸಿದಳು. ಇದಕ್ಕೂ ಒಂಬತ್ತು ವರ್ಷದ ಹಿಂದಿನ ತಾರೀಖು, ಮಧ್ಯಕ್ಕೆ ಬಾಲ ಚಾಚಿದ ಹಕ್ಕಿ, ಅದರ ಕೆಳಗೆ ಎರಡೇ ಪದ: ‘ಭಟ್ಟಿ ತಪ್ಪು.’

ಭಟ್ಟಿಗೆ ಕೈ ಎಲ್ಲಿದೆ ಒರೆಸುವುದಕ್ಕೆ? ದೊಡ್ಡಕ್ಕ ಸುತ್ತಿಗೆ ಪಕ್ಕಕ್ಕಿಟ್ಟು ಇನ್ನೊಂದು ನೋಡಿದಳು. ಒಂದು ಮೀನಿಗೆ ಕಣ್ಣೇ ಬರೆದಿರಲಿಲ್ಲ, ಮರೆತಿದ್ದಳು. ಹಿಂದೆ: ‘ಭಟ್ಟಿ ತಪ್ಪು.’ ಬಾರ್ಡರಿನ ಗೆರೆ ಸೊಟ್ಟ. ಹಿಂದೆ: ‘ಭಟ್ಟಿ ತಪ್ಪು.’ ಎಣಿಸಲು ಹೋಗಲಿಲ್ಲ. ಹತ್ತು ವರ್ಷ ಅವಳು ಎಷ್ಟು ಸಲ ಕೈ ತಪ್ಪಿದ್ದಳೋ ಅಷ್ಟು ಸಲವೂ ಆ ಹುಡುಗಿ ಭಟ್ಟಿಯ ತಲೆಗೆ ಕಟ್ಟಿದ್ದಳು. ತನ್ನ ಕೈ ತಪ್ಪುವುದೇ ಇಲ್ಲವೆಂದು ದೊಡ್ಡಕ್ಕ ಊರಿಗೆಲ್ಲ ಹೇಳಿಕೊಂಡು ತಿರುಗಿದ್ದಳಲ್ಲ, ಆ ಜಂಬದ ಬುಡ ಇಲ್ಲಿತ್ತು.

ಒಮ್ಮೆ ಅವಳೇ ಕೇಳಿದ್ದಳು. “ಇದೇನೇ, ಕೆಟ್ಟ ಟೈಲ್ಸಿಗೆ ಹಕ್ಕಿ ಕೂರಿಸ್ತೀಯಾ? ಒಂದು ಕಾಟು ಎಳೆದು ಬಿಸಾಕು.”

“ಕಾಟು ಹಾಕೋಕೆ ಮನಸ್ಸು ಬರಲ್ಲ ಅಕ್ಕ,” ಅಂದಿದ್ದಳು ಚಿಕ್ಕಕ್ಕ. “ನೀವು ಅಷ್ಟು ಹೊತ್ತು ಕೂತು ಬರ್ದಿರ್ತೀರಿ.”

ದೊಡ್ಡಕ್ಕ ಹಿತ್ತಲಲ್ಲೇ ಕೂತು ಅತ್ತಳು. ಪಶ್ಚಾತ್ತಾಪದಿಂದ ಅಂತ ಹೇಳಿದರೆ ಅರ್ಧ ಸುಳ್ಳಾಗುತ್ತದೆ. ಇಷ್ಟು ಒಳ್ಳೆಯವಳಾಗಿರಲು ಅವಳಿಗೆ ಯಾರು ಹೇಳಿದ್ದರು, ನನಗೆ ಯಾಕೆ ಇದು ಬರಲಿಲ್ಲ ಎಂಬ ಉರಿಯೂ ಅದರಲ್ಲಿ ಸೇರಿತ್ತು.

ಹದಿನೈದನೆಯ ದಿನ ಈಜುಕೊಳದ ಕಚೇರಿಗೆ ಎರಡು ಟೈಲ್ಸ್ ಚೀಲದಲ್ಲಿಟ್ಟುಕೊಂಡು ಹೋದಳು. ಒಂದು ಆರು ವರ್ಷದ ಹಿಂದಿನದು, ಮುಖದ ಮೇಲೆ ಹಕ್ಕಿ ಇದ್ದದ್ದು. ಇನ್ನೊಂದು ಕೈ ಒರೆಸಿದ ಬಳ್ಳಿ. ಎರಡರಲ್ಲಿ ಯಾವುದನ್ನು ತೆಗೆಯುವುದೆಂದು ಮೆಟ್ಟಿಲು ಹತ್ತುವವರೆಗೂ ಅವಳಿಗೆ ಗೊತ್ತಿರಲಿಲ್ಲ.

ಚಿಕ್ಕಕ್ಕ ಆಗಲೇ ಬಂದು ಕೂತಿದ್ದಳು. ಮಡಿಲಲ್ಲಿ ಫೈಲು, ಫೈಲಿಗೆ ಬಣ್ಣಬಣ್ಣದ ಚೀಟಿಗಳು. ದೊಡ್ಡಕ್ಕನ ಕಣ್ಣು ಆ ಚೀಟಿಗಳ ಮೇಲೂ ಒಂದು ಸಲ ಹರಿದು ಉರಿಯಿತು.

“ಹಕ್ಕಿ ನಂದು ಅಂತಾನೇ ಬರ್ದಿದೀನಿ ಅಕ್ಕ,” ಅಂದಳು ಚಿಕ್ಕಕ್ಕ ತಲೆ ಎತ್ತದೆ. “ಬೇಜಾರಾದ್ರೆ ಆಗ್ಲಿ. ಐದು ವರ್ಷ ನೀವು ನಂದು ನಂದು ಅಂತ ಮಾರುವಾಗ ನಾನು ಪಕ್ಕದಲ್ಲೇ ಕುಂಚ ತೊಳೀತಿದ್ದೆ. ಒಂದು ಸಲ ಹೇಳ್ತೀರೇನೋ ಅಂತ ಕಾದೆ.”

ಎಂಜಿನಿಯರ್, “ಸಾಕ್ಷಿ ಏನಿದೆಯಮ್ಮ?” ಅಂತ ಚಿಕ್ಕಕ್ಕನನ್ನು ಕೇಳಿದರು.

“ಇಲ್ಲ ಸರ್. ಬರ್ದಿದ್ದೆಲ್ಲ ಇವರ ಹಿತ್ತಲಲ್ಲಿದೆ. ಹೋಗಿ ಕೇಳೋಕೆ ಮನಸ್ಸಾಗ್ಲಿಲ್ಲ.”

“ನಿಮ್ಮದು?”

ದೊಡ್ಡಕ್ಕ ಮೊದಲನೆಯ ಟೈಲ್ಸ್ ಮೇಜಿನ ಮೇಲಿಟ್ಟಳು. ಎಂಜಿನಿಯರ್ ತಾರೀಖು ಓದಿದರು. “ಆರು ವರ್ಷ. ಸರಿ ಹಾಗಾದ್ರೆ, ಇದಕ್ಕಿಂತ ಹಳೇದು ಯಾರೂ ತೋರಿಸಿಲ್ಲ,” ಅಂದು ಪೆನ್ನು ತೆರೆದರು. ಗೋಡೆ ಅವಳದಾಗಲು ಅವರು ಒಂದು ಸಾಲು ಬರೆಯುವುದಷ್ಟೇ ಬಾಕಿ. ಚಿಕ್ಕಕ್ಕ ಫೈಲು ಮುಚ್ಚಿ, ಅದರ ದಾರ ಕಟ್ಟತೊಡಗಿದಳು. ಅಳಲಿಲ್ಲ, ಜಗಳವಾಡಲಿಲ್ಲ. ಒಂದು ಮಾತು ಬೈದಿದ್ದರೂ ದೊಡ್ಡಕ್ಕ ಗೆದ್ದು ಮನೆಗೆ ಹೋಗುತ್ತಿದ್ದಳು.

“ತಾಳಿ,” ಅಂದು ದೊಡ್ಡಕ್ಕ ಎರಡನೆಯದನ್ನು ತೆಗೆದು ಬೆನ್ನು ಮೇಲಾಗಿ ಇಟ್ಟಳು. “ಇದು ಒಂಬತ್ತು ವರ್ಷದ್ದು. ಹಕ್ಕಿ ಅವಳದು.”

ಎಂಜಿನಿಯರ್ ಬಗ್ಗಿ ನೋಡಿದರು. “ಬಾಲ ಬೇರೆ ಕಡೆ ಇದೆಯಲ್ಲ?”

“ಅದು ಯಾಕೆ ಅಂತ ಅವಳನ್ನೇ ಕೇಳಿ.”

ಚಿಕ್ಕಕ್ಕ ಹೇಳಿದಳು. ತಪ್ಪಿರುವ ಕಡೆಗೆ ಬಾಲ, ಮೇಲಂಚಿನ ಬಿರುಕಿಗೆ ಮೇಲೆತ್ತಿದ ಬಾಲ. ಎಂಜಿನಿಯರ್ ಚಪ್ಪಾಳೆ ತಟ್ಟುವುದೊಂದು ಬಾಕಿ. ಹಾರುವುದಕ್ಕೆ ಮುಂಚಿನ ಕ್ಷಣದ ಮಾತು ಅವರಿಗೆ ನೆನಪಾಗದಿರಲಿ ಎಂದು ದೊಡ್ಡಕ್ಕ ನೆಲ ನೋಡಿದಳು.

“ಇಲ್ಲಿ ಭಟ್ಟಿ ತಪ್ಪು ಅಂತ ಬರ್ದಿದೆ,” ಅಂದು ಅವರು ಟೈಲ್ಸ್ ಮಗುಚಿ ಒರೆಸಿದ ಬಣ್ಣವನ್ನು ನೋಡಿದರು. “ಇದು ಕೈ ತಾಗಿದ್ದಲ್ವಾ?”

ಚಿಕ್ಕಕ್ಕ ಟೈಲ್ಸನ್ನು ಮತ್ತೆ ಬೆನ್ನು ಮೇಲಾಗಿ ತಿರುಗಿಸಿಟ್ಟಳು.

ಸಾವಿರದ ಇನ್ನೂರು ಟೈಲ್ಸ್ ಒಂದು ಕೈಯಲ್ಲಿ, ಒಂದು ಭಟ್ಟಿಯಲ್ಲಿ ಹೊತ್ತಿಗೆ ಆಗುವ ಕೆಲಸವಲ್ಲ, ಇಬ್ಬರೂ ಸೇರುವುದಾದರೆ ಒಂದು ಒಪ್ಪಂದ ಬರೆದುಕೊಡಿ ಎಂದು ಹೇಳಿ ಎಂಜಿನಿಯರ್ ಹೊರಗೆ ಹೋದರು. ಚಿಕ್ಕಕ್ಕ ದಾರ ಬಿಚ್ಚಿದಳು. ಫೈಲಿನೊಳಗೆ ಖಾಲಿ ಒಪ್ಪಂದದ ಕಾಗದವೂ ಇತ್ತು, ಇಲ್ಲದೆ ಇರುತ್ತದೆಯೇ.

“ಹಕ್ಕಿಯ ಮೂಲ ಚಿತ್ರ ನಂದು ಅಂತ ಮೊದಲನೇ ಸಾಲಲ್ಲಿ ಇರುತ್ತೆ ಅಕ್ಕ. ಅದನ್ನ ಬಿಡಲ್ಲ.”

“ಬಿಡ್ಬೇಡ.”

“ನೀವು ಬರೀಬಹುದು ಅಂತ ನನ್ನ ಅನುಮತಿ, ಎರಡನೇ ಸಾಲು. ಗೋಡೆ ಮೇಲೆ ಇಬ್ಬರ ಹೆಸರೂ.”

“ಯಾರದು ಮೊದಲು?”

“ನಂದು,” ಅಂದಳು ಚಿಕ್ಕಕ್ಕ.

ದೊಡ್ಡಕ್ಕ ಹೂಂ ಅಂದಳು. ಆಮೇಲೆ ಹೇಳದಿದ್ದರೂ ನಡೆಯುತ್ತಿದ್ದ ಮಾತನ್ನು ಹೇಳಿದಳು. “ರಾಶೀಲಿ ಎರಡು ಒಡೆದು ಹಾಕ್ದೆ ಕಣೆ. ಸುತ್ತಿಗೆ ತಗೊಂಡು. ಎಲ್ಲಾ ಒಡೆಯೋಣ ಅಂತಾನೇ ಇದ್ದೆ.”

ಚಿಕ್ಕಕ್ಕ ಕಾಗದ ಮುಂದಕ್ಕೆ ಸರಿಸಿ, ಸಹಿಯ ಜಾಗಕ್ಕೆ ಬೆರಳಿಟ್ಟಳು.

ಕಣ್ಣಂಚಿನಲ್ಲಿ ನೀರು ತುಂಬಿದ್ದಕ್ಕೋ ಏನೋ, ದೊಡ್ಡಕ್ಕನ ಕೈ ತಪ್ಪಿತು. ಸಹಿಯ ಕೊನೆಯ ಅಕ್ಷರ ಗೆರೆ ದಾಟಿ, ಮೊದಲನೆಯ ಸಾಲಿನ ಮೇಲೆಯೇ ಓಡಿ, ಅಲ್ಲೊಂದು ಮಸಿಯ ಬೊಟ್ಟು ಬಿಟ್ಟಿತು. ಅವಳು ಕತ್ತು ತಗ್ಗಿಸಿ, ಕಾಟು ಬೀಳುವುದನ್ನು ಕಾಯುವವಳ ಹಾಗೆ ಕೂತಳು.

ಚಿಕ್ಕಕ್ಕ ಕಾಗದವನ್ನು ತನ್ನ ಕಡೆ ತಿರುಗಿಸಿಕೊಂಡು ನೋಡಿದಳು.

“ಪೆನ್ನಿನ ತಪ್ಪು ಅಕ್ಕ,” ಅಂದಳು.

ಅದಕ್ಕೂ ದೊಡ್ಡಕ್ಕನಿಗೆ ಹೊಟ್ಟೆ ಉರಿಯಿತು. ಈ ಮಾತು ನನಗೆ ಯಾಕೆ ಒಂದು ದಿನವೂ ಬರಲಿಲ್ಲವೆಂದು ಉರಿಯಿತು. ಅವಳು ಪೆನ್ನಿನ ಮುಚ್ಚಳ ಹಾಕಿ ಚಿಕ್ಕಕ್ಕನಿಗೆ ವಾಪಸ್ಸು ಕೊಟ್ಟಳು.